ಲಿನಕ್ಸ್‌ನಲ್ಲಿ ವಿಂಡೋಸ್ ಡ್ರೈವ್‌ಗೆ ಫೈಲ್ ಸೇವ್ ಆಗದಿದ್ದರೆ
ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಲಿನಕ್ಸ್‌ನಲ್ಲಿ ಡಿ ಡ್ರೈವ್‌ನ ಫೋಟೋ ತೆರೆಯುತ್ತದೆ, ಆದರೆ ಏನೇ ಸೇವ್ ಮಾಡಹೋದರೂ 'ರೀಡ್ ಓನ್ಲಿ' ಅನ್ನುತ್ತದೆ, ಅಲ್ವಾ? ಹೆಚ್ಚಾಗಿ ಇದು ವಿಂಡೋಸ್ ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್‌ನ ಕೆಲಸ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಆಗ ಬರೆದರೆ ಡೇಟಾ ಕೆಡಬಹುದು ಅಂತ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ನಾನೂ ಸುಮ್ನೆ ಎರಡು ದಿನ ಪರ್ಮಿಷನ್ ಬದಲಿಸುತ್ತಾ ಕೂತಿದ್ದೆ.

ವಿಂಡೋಸ್‌ಗೆ ಹೋಗಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಎಡಗಡೆ ಪವರ್ ಬಟನ್‌ಗಳ ಸೆಟ್ಟಿಂಗ್ ಇದೆ. ಅದರೊಳಗೆ ಫಾಸ್ಟ್ ಸ್ಟಾರ್ಟಪ್ ಟಿಕ್ ಮಸುಕಾಗಿ ಕಂಡರೆ, ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಲಿಂಕ್ ಮೊದಲು ಒತ್ತಿ. ಟಿಕ್ ತೆಗೆದು ಸೇವ್ ಮಾಡಿ, ಶಟ್‌ಡೌನ್ ಮಾಡಿ ಲಿನಕ್ಸ್‌ಗೆ ಬನ್ನಿ.

ಆಗಲೂ ಆಗದಿದ್ದರೆ ಡ್ರೈವ್‌ನಲ್ಲೇ ದೋಷ ಇರಬಹುದು. ವಿಂಡೋಸ್‌ನಲ್ಲಿ ಆ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ ನೋಡಿ.