ಓದುಗರ ಪ್ರಶ್ನೆ: ಕಾಲುವೆಯ ಕೊನೆ ಭಾಗದಿಂದ

ಪ್ರಶ್ನೆ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಅಣೆಕಟ್ಟು ತುಂಬಿದ ವರ್ಷವೂ ನಮ್ಮ ಉಪಕಾಲುವೆಯಲ್ಲಿ ಜಾಲಿ ಬೆಳೆಯುತ್ತದೆ. ಈ ಸಲ ಮೂರು ದಿನ ರಸ್ತೆ ತಡೆದೆವು. ‘ಆಂಧ್ರ, ತೆಲಂಗಾಣದವರು ನಮ್ಮ ನೀರು ಒಯ್ಯುತ್ತಿದ್ದಾರೆ’ ಎಂದು ಹುಡುಗರು ಕೂಗಿದರು. ನಿಜವಾಗಿ ನಾವು ಯಾರ ವಿರುದ್ಧ ಕೂರಬೇಕು?
– ರೈತ, ಮಾನ್ವಿ ತಾಲ್ಲೂಕು

ಉತ್ತರ: ನನ್ನ ವಿರುದ್ಧ. ತಮಾಷೆಯಲ್ಲ. ನನ್ನ ನಾಲ್ಕು ಎಕರೆ ಇರುವುದು ಅದೇ ಕಾಲುವೆಯ ಮೇಲ್ಭಾಗದಲ್ಲಿ, ಕಾರಟಗಿಯ ಹತ್ತಿರ. ಕಾಲುವೆ ತೋಡಿದಾಗ ನಮ್ಮ ಬಹುಪಾಲು ಜಮೀನಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ನಾವು ಭತ್ತ ನಾಟಿ ಮಾಡಿದೆವು, ಅದೂ ವರ್ಷಕ್ಕೆ ಎರಡು ಸಲ. ದಂಡೆಯ ಮೇಲೆ ರಾತ್ರಿ ಪಂಪ್‌ಸೆಟ್ ಇಟ್ಟು ನೀರೆತ್ತುವವರೂ ನಮ್ಮವರೇ.

ಆಂಧ್ರದ ಮಾತಿಗೆ ಬರೋಣ. ಕೃಷ್ಣಾ ಕೊಳ್ಳದ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಲೆಕ್ಕದಲ್ಲಿ ಅಣೆಕಟ್ಟಿನ ಇಡೀ ವರ್ಷದ 230 ಟಿಎಂಸಿಯೊಳಗೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಕರ್ನಾಟಕದ ಪಾಲು 138.99. ಆಂಧ್ರದ ಪಾಲು ಬಲದಂಡೆ ಕಾಲುವೆಗಳಲ್ಲಿ ಹರಿಯುತ್ತದೆ. ನಿಮ್ಮ ಎಡದಂಡೆ ಕಾಲುವೆಯಲ್ಲಿ ಹೊರ ರಾಜ್ಯದ ಹನಿ ನೀರಿಲ್ಲ. ಇನ್ನು ತೆಲಂಗಾಣ. ನಿಮ್ಮ ಜಿಲ್ಲೆಯದೇ ರಾಜೋಳಿಬಂಡಾ ಒಡ್ಡಿನ (ತುಂಗಭದ್ರೆಗೆ ಅಡ್ಡ ಕಟ್ಟಿ ಕಾಲುವೆಗೆ ನೀರು ತಿರುಗಿಸುವ ಕಟ್ಟೆ) 17.1 ಟಿಎಂಸಿಯಲ್ಲಿ 15.9 ಅವರದು. ಅಲ್ಲಿಯ ಕೊನೆ ಭಾಗದ ರೈತರೂ ಎಷ್ಟೋ ವರ್ಷಗಳಿಂದ ನಿಮ್ಮ ಮಾತನ್ನೇ ಹೇಳುತ್ತಿದ್ದಾರೆ, ನಮ್ಮ ಕಡೆ ಬೆರಳು ತೋರಿಸಿ.

ರಸ್ತೆಯಲ್ಲಿ ಕೂತಿರಿ, ಬಸ್ಸಿನಲ್ಲಿದ್ದ ಬಾಣಂತಿಯರು ಬಿಸಿಲಲ್ಲಿ ಬೆಂದರು. ನನ್ನ ಗದ್ದೆಗೇನೂ ಆಗಲಿಲ್ಲ. ಕಾಲುವೆಯ 69ನೇ ಮೈಲಿ ಮತ್ತು 104ನೇ ಮೈಲಿಯಲ್ಲಿ ಗೇಜ್ ನೋಡಿ ನೀರಿನ ಮಟ್ಟ ಬರೆದಿಡುತ್ತಾರೆ. ಹೋದ ವರ್ಷದ ಆ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆಯಿರಿ. ಅದನ್ನು ಹಿಡಿದು, ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸೇರುವ ಮೊದಲೇ ಮುನಿರಾಬಾದಿನ ನೀರಾವರಿ ಕಚೇರಿ ಮುಂದೆ ಕುಳಿತುಕೊಳ್ಳಿ. ನಾಟಿಯಾದ ಮೇಲೆ ಹೋದರೆ ‘ನಿಂತ ಬೆಳೆ ಒಣಗಿಸಲಾದೀತೇ?’ ಎನ್ನುತ್ತಾರೆ. ಆ ಮಾತನ್ನು ಎರಡು ಸಲ ನಾನೇ ಆಡಿ ಗೆದ್ದಿದ್ದೇನೆ.

ಪ್ರಶ್ನೆ: ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿದರೆ ಈ ಜಗಳ ಮುಗಿಯುತ್ತದೆಯೇ?
– ಓದುಗರು, ಸಿಂಧನೂರು

ಉತ್ತರ: ಹೂಳು ತುಂಬಿ ಅಣೆಕಟ್ಟಿನ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಆ ಕೊರತೆ ತುಂಬಲು, ನದಿಯಲ್ಲಿ ಹರಿದು ಹೋಗುವ ಪ್ರವಾಹದ ನೀರನ್ನು ಹಿಡಿದಿಡುವ ನವಲಿಯಂಥ ಜಲಾಶಯ ಬೇಕು. ಅದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. ಆದರೆ ಅಲ್ಲಿಂದ ಬಿಟ್ಟ ನೀರೂ ಮಾನ್ವಿಗೆ ಹೋಗುವ ಮೊದಲು ಪಂಪ್‌ಸೆಟ್‌ಗಳನ್ನು ದಾಟಿಯೇ ಹೋಗಬೇಕಲ್ಲ.