ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕಿಟಕಿಯನ್ನು ಮಾತ್ರ ಇಟ್ಟುಕೊಳ್ಳಿ

ನಮಸ್ಕಾರ,

ಎಚ್‌ಡಿಆರ್ ಫೋಟೊ (ತುಂಬಾ ಕತ್ತಲು, ತುಂಬಾ ಬೆಳಕು ಎರಡನ್ನೂ ಒಟ್ಟಿಗೆ ಹಿಡಿದದ್ದು) ಮತ್ತು ಟೋನ್ ಮ್ಯಾಪಿಂಗ್ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಚೆನ್ನಾಗಿಯೇ ಓದಿಕೊಂಡಿದ್ದೀರಿ, ಆದರೆ ಓದಿದ್ದನ್ನೆಲ್ಲ ತುರುಕಲು ಹೋಗಿ ಎರಡು ಬೇರೆ ಕೆಲಸಗಳನ್ನು ಕಲಸಿಬಿಟ್ಟಿದ್ದೀರಿ.

ಬೆಳಕನ್ನು ಹಿಡಿದಿಡುವುದು ಒಂದು ಕೆಲಸ. ಹಿಡಿದದ್ದನ್ನು ಮಾಮೂಲಿ ಸ್ಕ್ರೀನಿಗೆ ಒಗ್ಗಿಸುವುದು ಇನ್ನೊಂದು, ಟೋನ್ ಮ್ಯಾಪಿಂಗ್ ಅಂದರೆ ಅದು. '1997ರಲ್ಲಿ ಡೆಬೆವೆಕ್ ಮತ್ತು ಮಲಿಕ್ ಟೋನ್ ಮ್ಯಾಪಿಂಗ್ ಕಂಡುಹಿಡಿದರು' ಅಂತ ಬರೆದಿದ್ದೀರಲ್ಲ, ಅದು ತಪ್ಪು. ಬೇರೆ ಬೇರೆ ಎಕ್ಸ್‌ಪೋಶರ್‌ನ ಫೋಟೊಗಳಿಂದ ಕ್ಯಾಮೆರಾದ ರೆಸ್ಪಾನ್ಸ್ ಕರ್ವ್ (ಬಿದ್ದ ಬೆಳಕಿಗೂ ಫೋಟೊದಲ್ಲಿ ಬರುವ ಅಂಕಿಗೂ ಇರುವ ನಂಟು) ಲೆಕ್ಕ ಹಾಕಿ, ಎಲ್ಲವನ್ನೂ ಒಂದೇ ಬೆಳಕಿನ ನಕ್ಷೆಯಾಗಿ ಸೇರಿಸುವ ದಾರಿ ಅವರದು. ಟೋನ್ ಮ್ಯಾಪಿಂಗ್ ಬಗ್ಗೆ ಟಂಬ್ಲಿನ್ ಮತ್ತು ರಶ್‌ಮಯರ್ 1993ರಲ್ಲೇ ಬರೆದಿದ್ದರು. ಬರೀ ಇಸವಿಯ ತಕರಾರಲ್ಲ ಇದು. ಈ ಗೊಂದಲದಿಂದಲೇ ನೀವು ಕೊನೆಗೆ 'ಎಚ್‌ಡಿಆರ್ ಫೋಟೊ ಅಂದರೆ ಕಣ್ಣಿಗೆ ರಾಚುವ ಬಣ್ಣ' ಅಂದುಬಿಟ್ಟಿದ್ದೀರಿ. ರಾಚುವುದು ಟೋನ್ ಮ್ಯಾಪಿಂಗ್ ಜಾಸ್ತಿಯಾದಾಗ. ಫೈಲಿನಲ್ಲಿರುವ ಬೆಳಕು ಏನು ಮಾಡೀತು, ಪಾಪ!

ಮೊದಲ ಮೂರು ಪ್ಯಾರಾ ತೆಗೆಯಿರಿ. ಕಣ್ಣಿನ ಅದ್ಭುತ, ಕ್ಯಾಮೆರಾದ ಇತಿಹಾಸ, ಯಾವುದೂ ಬೇಡ. 1850ರ ದಶಕದಲ್ಲಿ ಫ್ರೆಂಚ್ ಫೋಟೊಗ್ರಾಫರ್ ಗುಸ್ತಾವ್ ಲ ಗ್ರೇ ಆಕಾಶಕ್ಕೊಂದು, ಸಮುದ್ರಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ ಸಾಲು ಮಾತ್ರ ಇರಲಿ.

ನಿಮ್ಮಲ್ಲಿ ನಿಜವಾಗಿ ಜೀವ ಇರುವುದು ನಾಲ್ಕನೇ ಪುಟದಲ್ಲಿ, ಕತ್ತಲೆ ಕೋಣೆಯೊಳಗಿಂದ ತೆಗೆದ ಬಿಸಿಲಿನ ಕಿಟಕಿಯ ಫೋಟೊದಲ್ಲಿ. ಅದನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ! ಅಲ್ಲಿಂದಲೇ ಶುರು ಮಾಡಿ. ರೈನ್‌ಹಾರ್ಡ್ ಮತ್ತು ಜೊತೆಗಾರರ 2002ರ ಟೋನ್ ಮ್ಯಾಪಿಂಗ್ ಸೂತ್ರದ ಸರಳ ರೂಪ ತಗೊಳ್ಳಿ: ಬೆಳಕಿನ ಅಳತೆಯನ್ನು, ಅದಕ್ಕೇ ಒಂದು ಕೂಡಿಸಿದಾಗ ಬರುವ ಸಂಖ್ಯೆಯಿಂದ ಭಾಗಿಸಬೇಕು. 1 ಇದ್ದದ್ದು 0.5 ಆಗುತ್ತದೆ, 9 ಇದ್ದದ್ದು 0.9, 99 ಇದ್ದದ್ದು 0.99. ನೋಡಿ, 9ಕ್ಕೂ 99ಕ್ಕೂ ಹನ್ನೊಂದು ಪಟ್ಟು ವ್ಯತ್ಯಾಸ, ಆದರೆ ಸ್ಕ್ರೀನಿನ ಮೇಲೆ ಅದಕ್ಕೆ ಸಿಕ್ಕಿದ ಜಾಗ 0.09 ಅಷ್ಟೇ. ಗೋಡೆ ಉಳಿಯಿತು, ಕಿಟಕಿಯಾಚೆಯ ಮೋಡ ಸಪ್ಪೆಯಾಯಿತು. ಓದುಗರಿಗೆ ಇಷ್ಟು ಲೆಕ್ಕ ತೋರಿಸಿದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.

ಸರಿ, ಪ್ರತಿ ಚುಕ್ಕಿಯನ್ನೂ ಅದರ ಸುತ್ತಲಿನ ಸರಾಸರಿ ನೋಡಿ ತಗ್ಗಿಸೋಣ ಅಂದರೆ ಬೇರೆಯೇ ತೊಂದರೆ. ಕಿಟಕಿ ಪಕ್ಕದ ಗೋಡೆಯ ಸರಾಸರಿಗೆ ಹೊರಗಿನ ಬಿಸಿಲೂ ಸೇರಿಕೊಂಡು, ಚೌಕಟ್ಟಿನ ಸುತ್ತ ಮಾತ್ರ ಗೋಡೆ ಕಪ್ಪಾಗುತ್ತದೆ, ಆಚೆ ಬದಿಯಲ್ಲಿ ಅಂಚು ಸುಮ್ನೆ ಹೊಳೆಯುತ್ತದೆ. ಹೇಲೋ ಅಂದರೆ ಇದೇ ಅಲ್ವಾ? ನೀವು ಕೊಟ್ಟ ಚಿತ್ರದಲ್ಲೇ ಇದೆ, ಎಡಗಡೆ ಚೌಕಟ್ಟು ಜೂಮ್ ಮಾಡಿ ನೋಡಿ. ಅದೇ 2002ರಲ್ಲಿ ಡುರಾಂಡ್ ಮತ್ತು ಡಾರ್ಸಿ ಬೈಲ್ಯಾಟರಲ್ ಫಿಲ್ಟರ್ ಬಳಸಿದ್ದು, ಸರಾಸರಿ ತೆಗೆಯುವಾಗ ಅಂಚಿನಾಚೆಯ ಬೆಳಕು ಬಂದು ಸೇರದಿರಲಿ ಅಂತ. ಆ ಹೆಸರುಗಳನ್ನು ನೀವು ಪಟ್ಟಿಯಲ್ಲಿ ಹಾಕಿದ್ದೀರಿ, ಯಾಕೆ ಬೇಕಾದರು ಅಂತ ಮಾತ್ರ ಹೇಳಿಲ್ಲ.

ಫೋನುಗಳ ಮಾತನ್ನೂ ತಿದ್ದಿ. ಎಲ್ಲ ಫೋನುಗಳೂ ಕಪ್ಪಗೊಂದು, ಮಾಮೂಲಿಯೊಂದು, ಬೆಳ್ಳಗೊಂದು ಅಂತ ಮೂರು ಫೋಟೊ ತೆಗೆಯುತ್ತವೆ ಅಂತಿಲ್ಲ. 2016ರಲ್ಲಿ ಗೂಗಲ್ ಪ್ರಕಟಿಸಿದ ಎಚ್‌ಡಿಆರ್ ಪ್ಲಸ್ ವಿಧಾನ ಒಂದೇ ಎಕ್ಸ್‌ಪೋಶರ್‌ನಲ್ಲಿ, ಬೇಕೆಂದೇ ಕಡಿಮೆ ಬೆಳಕು ಬಿಟ್ಟು ತೆಗೆದ ಹಲವು ಫ್ರೇಮ್ ಸೇರಿಸಿ ನಾಯ್ಸ್ (ಫೋಟೊದ ಮೇಲೆ ಕಾಣುವ ಕಾಳುಕಾಳು) ತಗ್ಗಿಸುತ್ತದೆ.

ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಕಿಟಕಿಯ ಮೂಲ ರಾ ಫೈಲ್‌ಗಳೂ (ಕ್ಯಾಮೆರಾ ಹಿಡಿದದ್ದು ಹಾಗೇ ಇರುವಂಥವು) ಜೊತೆಗಿರಲಿ, ವಾಟ್ಸಾಪ್‌ನಲ್ಲಿ ಬೇಡ.