ಒಬ್ಬ ರೈತನನ್ನು ಸೇರಿಸಿದರೆ ಒಂಬತ್ತು ಟೆಸ್ಟ್ ಬಿದ್ದವು

ಪ್ರಶ್ನೆ: ಅಕ್ಕಾವ್ರೇ, ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಗಳಿಗಾಗಿ ನಾವು ಮೂವರು ರೇಲ್ಸ್‌ನಲ್ಲಿ (ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಲೆಕ್ಕದ ಆ್ಯಪ್ ಬರೆಯುತ್ತಿದ್ದೇವೆ. ಕೋಡ್ ಸರಿಯಿದೆಯೇ ಅಂತ ನೋಡುವ ಟೆಸ್ಟಿಗೆ ಬೇಕಾದ ರೈತರು, ಲಾಟ್, ಬಿಲ್ ಎಲ್ಲವೂ ಫಿಕ್ಸ್ಚರ್ ಫೈಲುಗಳಲ್ಲಿ, ಅಂದರೆ ಮೊದಲೇ ಬರೆದಿಟ್ಟ ಮಾದರಿ ಡೇಟಾದಲ್ಲಿವೆ. ಮೊನ್ನೆ ಅಲ್ಲಿ ಇನ್ನೊಬ್ಬ ರೈತನನ್ನು ಸೇರಿಸಿದ್ದಕ್ಕೆ ಸಂಬಂಧವೇ ಇಲ್ಲದ ಒಂಬತ್ತು ಟೆಸ್ಟ್ ಬಿದ್ದವು. ಎಲ್ಲಾ ಕಿತ್ತು, ಪ್ರತಿ ಟೆಸ್ಟಿಗೂ ಬೇಕಾದ ಡೇಟಾವನ್ನು ಆಗಲೇ ಹುಟ್ಟಿಸುವ ಫ್ಯಾಕ್ಟರಿ ಬಾಟ್‌ಗೆ ಹೋಗೋಣ ಅಂತ ಗೆಳೆಯ ಪಟ್ಟು ಹಿಡಿದಿದ್ದಾನೆ. ಏನು ಮಾಡೋದು?
– ಓದುಗ, ಬ್ಯಾಡಗಿ

ಉತ್ತರ: ತಮ್ಮಾ, ಆ ಒಂಬತ್ತರಲ್ಲಿ ಬಹುಪಾಲು ‘ಒಟ್ಟು ರೈತರು ಏಳು’ ಅಂತ ಇಡೀ ಟೇಬಲ್ ಎಣಿಸುವ ಟೆಸ್ಟುಗಳಿರಬೇಕು. ಒಟ್ಟು ಎಣಿಸಬೇಡಿ. ಸೇರಿಸಿದ ಮೇಲೆ ಒಂದು ಹೆಚ್ಚಾಯಿತೇ ಅಂತಷ್ಟೇ ನೋಡಿ. ರೇಲ್ಸ್‌ನ ಅಸರ್ಟ್ ಡಿಫರೆನ್ಸ್ ಎಂಬ ಆಜ್ಞೆ ಇರುವುದೇ ಅದಕ್ಕೆ.

ನಿಮ್ಮ ಗೆಳೆಯನ ಹಟ ನಾನೂ ಹಿಡಿದವಳೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆಲಸಕ್ಕಿದ್ದಾಗ ಎಲ್ಲ ಫಿಕ್ಸ್ಚರ್ ಅಳಿಸಿ ಫ್ಯಾಕ್ಟರಿ ಬರೆದೆ. ಎರಡು ನಿಮಿಷದ ಟೆಸ್ಟ್ ಹದಿನಾಲ್ಕು ನಿಮಿಷಕ್ಕೆ ಹೋಯಿತು. ಓಡಲು ಬಿಟ್ಟು ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಲಾಗ್ ತೆಗೆದು ನೋಡಿದರೆ ಒಂದು ಬಿಲ್ಲಿಗೆ 23 ಇನ್ಸರ್ಟ್, ಅಂದರೆ ಡೇಟಾಬೇಸಿಗೆ 23 ಹೊಸ ಸಾಲು! ಬಿಲ್ಲಿಗೆ ಲಾಟ್ ಬೇಕು, ಲಾಟಿಗೆ ರೈತ, ರೈತನಿಗೆ ಅಂಗಡಿ, ಅಂಗಡಿಗೆ ಮಾಲೀಕ. ಒಬ್ಬನನ್ನು ಊಟಕ್ಕೆ ಕರೆದರೆ ಓಣಿ ಓಣಿಯೇ ಬಂದು ಕೂತ ಹಾಗೆ. ಫಿಕ್ಸ್ಚರ್ ಆದರೆ ಮೊದಲಿಗೆ ಒಮ್ಮೆ ಟೇಬಲ್‌ಗೆ ಇಳಿಯುತ್ತದೆ. ಪ್ರತಿ ಟೆಸ್ಟೂ ಟ್ರಾನ್ಸಾಕ್ಷನ್ ಒಳಗೆ ಓಡಿ, ಮುಗಿದ ಮೇಲೆ ರೋಲ್‌ಬ್ಯಾಕ್ ಆಗುತ್ತದೆ, ಅಂದರೆ ಟೆಸ್ಟ್ ಮಾಡಿದ ಬದಲಾವಣೆ ಅಳಿಸಿ ಡೇಟಾಬೇಸ್ ಮೊದಲಿನಂತಾಗುತ್ತದೆ. ಅದರ ವೇಗದ ಗುಟ್ಟು ಇದು. ಆದರೆ ಫಿಕ್ಸ್ಚರ್ ಡೇಟಾ ಮಾಡೆಲ್‌ನ ವ್ಯಾಲಿಡೇಷನ್ (ಡೇಟಾ ಸರಿಯಿದೆಯೇ ಎಂಬ ತಪಾಸಣೆ) ತಪ್ಪಿಸಿಕೊಂಡೇ ಡೇಟಾಬೇಸ್ ಸೇರುತ್ತದೆ. ನಮ್ಮಲ್ಲಿ ಮೈನಸ್ ತೂಕದ ಚೀಲವೊಂದು ಎರಡು ವರ್ಷ ಆರಾಮಾಗಿ ಕೂತಿತ್ತು.

ಈಗ ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ. ಬದಲಾಗದವು, ಅಂದರೆ ಡಬ್ಬಿ, ಕಡ್ಡಿ ಎಂಬ ಮೆಣಸಿನಕಾಯಿ ತಳಿಗಳು, ಒಂದು ಅಂಗಡಿ, ಲಾಗಿನ್ ಆಗುವ ಗುಮಾಸ್ತ, ಫಿಕ್ಸ್ಚರಿನಲ್ಲಿ. ಲಾಟ್, ತೂಕ, ದರ ಫ್ಯಾಕ್ಟರಿಯಲ್ಲಿ. ಲೆಕ್ಕ ನೋಡುವುದಕ್ಕೆ ಡೇಟಾಬೇಸೇ ಬೇಡದಿದ್ದರೆ ಫ್ಯಾಕ್ಟರಿ ಬಾಟ್‌ನಲ್ಲಿ ಡೇಟಾಬೇಸಿಗೆ ಬರೆಯುವ ಕ್ರಿಯೇಟ್ ಬಿಟ್ಟು, ಬರೆಯದ ಬಿಲ್ಡ್ ಸ್ಟಬ್ಡ್ ಬಳಸಿ. ಯಾವುದನ್ನೇ ಬಳಸಿದರೂ ಟೆಸ್ಟಿನ ಜೀವವಾದ ಅಂಕಿ ಟೆಸ್ಟಿನೊಳಗೇ ಕಾಣಲಿ: 126 ಕಿಲೋ, ಕ್ವಿಂಟಲಿಗೆ 20,000, ಬಿಲ್ 25,200. ‘ಲಾಟ್ ಎರಡು’ ಅಂತ ಬರೆದು ಉಳಿದದ್ದನ್ನು ಬೇರೆ ಫೈಲಿನಲ್ಲಿಟ್ಟರೆ, ಆರು ತಿಂಗಳ ಮೇಲೆ ನೀವೇ ಆ 25,200 ಎಲ್ಲಿಂದ ಬಂತು ಅಂತ ಹುಡುಕುತ್ತೀರಿ. ಸುಳ್ಳು ಡೇಟಾ ಹುಟ್ಟಿಸುವ ಫೇಕರ್ ಕೊಡುವ ಮನಸ್ಸಿಗೆ ಬಂದ ತೂಕವೂ ಬೇಡ. ಸೋಮವಾರ ಪಾಸಾದ ಟೆಸ್ಟ್ ಮಂಗಳವಾರ ಬೀಳುತ್ತದೆ, ಬುಧವಾರ ತಾನಾಗಿ ಎದ್ದು ಕೂರುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಗಡಿಯ ನಿಜವಾದ ಡೇಟಾಬೇಸಿನ ಪ್ರತಿ ತಂದು ಟೆಸ್ಟಿಗೆ ಹಾಕಬೇಡಿ. ಹಿಂದೆ ಒಂದು ಕಡೆ ನಾವು ಹಾಗೆ ಮಾಡಿದ್ದೆವು. ಎಸ್ಸೆಮ್ಮೆಸ್ ಕೊಂಡಿ ಮುಚ್ಚಲು ಮರೆತೆವು. ‘ನಿಮ್ಮ ಲಾಟ್ ಮಾರಾಟವಾಗಿದೆ’ ಅಂತ ನಿಜವಾದ ರೈತರಿಗೇ ಸಂದೇಶ ಹೋಯಿತು. ಮಾಲು ಇನ್ನೂ ಹೊಲದಲ್ಲಿತ್ತು. ಮರುದಿನ ಬೆಳಿಗ್ಗೆ ಒಬ್ಬ ಅಜ್ಜ ರೊಕ್ಕ ಕೇಳಲು ಬಸ್ ಹತ್ತಿ ಬಂದೇಬಿಟ್ಟಿದ್ದ.